ಕೊಂಡಿ ಹಾಕುವ ಕೈ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಕೊಂಡಿಯ ಬಗ್ಗೆ ಕಾಕಾ ಮೊದಲ ಮಾತು ಆಡಿದ್ದು ಇಳಕಲ್ಲಿನ ಮನೆಯಲ್ಲೋ, ಅಮೀನಗಡದಲ್ಲಿ ಬಸ್ಸು ನಿಂತಾಗಲೋ, ಈಗ ಖಾತ್ರಿಯಿಲ್ಲ. ನನ್ನ ಸಿಟ್ಟಿಗೆ ಅನುಕೂಲವಾಗುವಂತೆ ನೆನಪು ಜಾಗ ಬದಲಿಸಿಕೊಂಡಿದ್ದರೂ ಇರಬಹುದು.

ನಮ್ಮದು ಕ್ರೈಸ್ತ ನೇಕಾರರ ಮನೆ. ಅಪ್ಪನ ತಮ್ಮ, ನನ್ನ ಕಾಕಾ, ವಾರವೆಲ್ಲ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಇತಿಹಾಸ ಓದುತ್ತಿದ್ದೆ. ಮಂಗನಿಗೂ ಮನುಷ್ಯನಿಗೂ ನಡುವಿನ ಕೊಂಡಿ ಕಳೆದುಹೋಗಿದೆಯೆಂದು ನಮ್ಮ ಸರ್ ಹೇಳಿದ್ದನ್ನು ಒಮ್ಮೆ ಅವನಿಗೆ ಹೇಳಿದೆ. ನಮ್ಮಲ್ಲಿ ಕೊಂಡಿಯೆಂದರೆ ಒಂದೇ: ಸೀರೆಯ ಒಡಲಿನ ಉದ್ದ ಎಳೆಗಳಾದ ಹಾಸುನೂಲಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೈಯಿಂದ ಸೇರಿಸುವ ಕುಣಿಕೆ. ಕಾಕಾ ಹಾಗೆಯೇ ತಿಳಿದ.

"ಕಳದಿಲ್ಲಬೇ, ಯಾರೂ ಹಾಕೇ ಇಲ್ಲ. ಮಂಗ್ಯಾನ ಹಾಸು ಬ್ಯಾರೆ, ಮನಶ್ಯಾನ ಹಾಸು ಬ್ಯಾರೆ. ಕೊಂಡಿ ತಾನಾಗೇ ಬೀಳತೈತೇನು? ನಿಮ್ಮ ಸರ್ ಒಮ್ಮೆ ಬಂದು ಮಗ್ಗದಾಗ ಕೂಡ್ಲಿ."

ಮುಂದಿನ ಭಾನುವಾರ ಅದೇ ಪಾಠವಾಯಿತು. ನಕ್ಕೆ, ಆದರೆ ಒಪ್ಪಿದೆ. ಇಂದಿಗೂ ಒಪ್ಪುತ್ತೇನೆ. ದೇವರು ಮನುಷ್ಯನನ್ನು ಅರ್ಧ ಮಾಡಿ ಬಿಡಲಿಲ್ಲ. ನಮ್ಮ ಗ್ರಂಥ ಹೇಳುವಂತೆ, ಮೊದಲ ಮನುಷ್ಯನ ಮಕ್ಕಳು ಮರಿಮಕ್ಕಳೇ ಊರು ಕಟ್ಟಿದರು, ಕಬ್ಬಿಣ ಬಡಿದರು, ತಂತಿ ನುಡಿಸಿದರು.

ಬಾದಾಮಿ ಕಡೆ ಕಾಲೇಜಿನವರು ಕಲ್ಲಿನ ಕೊಡಲಿ ತೋರಿಸಿದಾಗ ಮಾತ್ರ ತಡವರಿಸಿದೆ. ಕಬ್ಬಿಣ ಬಲ್ಲವರ ಮಕ್ಕಳು ಕಲ್ಲನ್ನೇಕೆ ಹಿಡಿದರು ಎಂದು ಕಾಕಾನನ್ನು ಕೇಳಿದೆ.

"ಆಕಾಶ ಮುಟ್ಟೋ ಗೋಪುರ ಕಟ್ಟಾಕ ಹೋಗಿದ್ದಕ್ಕ ದೇವರು ಒಬ್ಬರ ಮಾತು ಒಬ್ಬರಿಗೆ ತಿಳೀದಂಗ ಮಾಡಿದ, ಮಂದಿ ದಿಕ್ಕಾಪಾಲಾತು. ಕಮ್ಮಾರ ಒಂದ್ ಕಡೆ, ಅವನ ಮಗ ಒಂದ್ ಕಡೆ. ಒಂದ್ ತಲಿಮಾರು ಕಲೀಲಿಲ್ಲಂದ್ರ ಮುಗೀತು, ಕಲ್ಲ ಗತಿ."

ಇದನ್ನು ನಂಬಲು ನನಗೆ ಪುಸ್ತಕ ಬೇಕಿರಲಿಲ್ಲ. ಪವರ್‌ಲೂಮ್ ಬಂದ ಮೇಲೆ ನಮ್ಮ ಓಣಿಯಲ್ಲಿ ಕೊಂಡಿ ಹಾಕಬಲ್ಲವನು ಕಾಕಾ ಒಬ್ಬನೇ ಉಳಿದಿದ್ದ. ಡಿಗ್ರಿ ಮುಗಿದ ಮೇಲೆ, ನನಗೆ ಕಲಿಸು ಎಂದೆ.

"ಸಾಲಿ ಕಲತಾಕಿ ನೀ. ನಾಳೆ ಗಂಡನ ಮನ್ಯಾಗ ಮಗ್ಗ ಇರತೈತೋ ಇಲ್ಲೋ."

ಮೂರು ಸಲವೋ ನಾಲ್ಕು ಸಲವೋ ಕೇಳಿರಬೇಕು. ಕಂಡಿಕೆಗೆ ನೂಲು ಸುತ್ತಲು ಮಾತ್ರ ನನ್ನ ಕೈ ಆಗಿಬರುತ್ತಿತ್ತು. ಅವನ ಮಗ ಹುನಗುಂದದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ, ಎಷ್ಟು ಕರೆದರೂ ಮಗ್ಗದ ಹತ್ತಿರ ಸುಳಿಯಲಿಲ್ಲ. ಕಾಕಾ ಬಾರದವನಿಗಾಗಿ ಕಾದ. ಬಾಗಿಲಲ್ಲೇ ನಿಂತ ನಾನು ಅವನಿಗೆ ಕಾಣಲಿಲ್ಲ.

ಹೋದ ವರ್ಷ ಅವನ ಕಣ್ಣಿಗೆ ಎಳೆ ಕಾಣದಾಯಿತು, ಮಗ್ಗ ಬಿಚ್ಚಿದರು. ಆಮೇಲಿನ ಒಂದು ಭಾನುವಾರ ಚರ್ಚಿನಲ್ಲಿ ಆ ಗೋಪುರದ್ದೇ ಪಾಠ. ಕಸುಬು ಮರೆತ ಆ ಮಂದಿಗಾಗಿ ಕಾಕಾ ಮರುಗಿದ. ಅಥವಾ ಮರುಗಲಿ ಎಂದು ನಾನು ಬಯಸಿದೆ. ಮಕ್ಕಳು ಹೊರಗೆ ಓಡಿದ ಮೇಲೆ ಹತ್ತಿರ ಹೋಗಿ ಕೇಳಿದೆ.

"ಕಾಕಾ, ಕಮ್ಮಾರನ ಮಗ ದೂರ ಹೋದ, ಖರೆ. ಮನ್ಯಾಗ ಹೆಣ್ಣಮಕ್ಕಳಿದ್ರಲ್ಲ, ಅವರಿಗ್ಯಾಕ ಕಲಿಸ್ಲಿಲ್ಲ ಅಂವಾ?"