ಪರದೆಯ ಈಚೆ ಬಂದ ಅಂಗೈ

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ಚಳಿಗಾಲ. ಗೋಕಾಕದ ದವಾಖಾನೆಯ ಹೆಂಗಸರ ಖೋಲಿಯಲ್ಲಿ, ಬಾಗಿಲಿಗೆ ಹತ್ತಿರದ ಮಂಚಕ್ಕೆ ಕಟ್ಟಿದ ಪರದೆಯ ಈಚೆ ನಾನು ನಿಂತಿದ್ದೆ. ಬೆಳಗಿನ ಬಿಸಿಲು ಆಗಷ್ಟೇ ಕಿಟಕಿಗೆ ಬಂದಿತ್ತು. ನಾನು ಗಾಯ ಕಟ್ಟುವ ಡ್ರೆಸ್ಸರ್. ಹೆಂಗಸರ ಗಾಯವಾದರೆ ಪರದೆ ದಾಟುವಂತಿರಲಿಲ್ಲ. ಕುದಿಸಿದ ಅರಿವೆ, ಔಷಧದ ನೀರು ಕೇಳಿದಾಗ ಒಳಗೆ ಚಾಚುವುದಷ್ಟೇ. ಆದ್ದರಿಂದ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತೇನೆ.

ಒಳಗೆ ಮಂಚದ ಮೇಲಿದ್ದವಳು ನಾಗನೂರಿನ ಒಕ್ಕಲುತನದ ಮನೆಯ ಮುದುಕಿ. ಬಲ ಮೊಲೆಯ ಕ್ಯಾನ್ಸರ್ ಒಡೆದು ಹುಣ್ಣಾಗಿತ್ತು. ಕೊಯ್ದು ತೆಗೆಯುವ ಕಾಲ ಮೀರಿತೆಂದು ಡಾಕ್ಟರು ಹೇಳಿದ್ದರು. ವಾಸನೆಗೆ ತಾನೇ ನಾಚಿ, ಜೊತೆಗಿದ್ದ ಮಗಳು ಬುತ್ತಿ ಬಿಚ್ಚಿದರೆ ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು. "ಮಗಳ ಬಾಜೂ ಕುಂತು ಉಣ್ಣೂ ಹಂಗ ಮಾಡವಾ, ಸಾಕು" ಎಂದು ನರ್ಸಬಾಯಿಯನ್ನು ಕೇಳಿದ್ದಳು.

ನರ್ಸಬಾಯಿ ಹುಕ್ಕೇರಿಯ ಮುಸಲ್ಮಾನರು. ಹುಣ್ಣನ್ನು ದಿನಾ ಚೆನ್ನಾಗಿ ತೊಳೆದರೆ ವಾಸನೆ ಇಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಮುದುಕಿಯ ಕೊರಳಿನ ಲಿಂಗ ಸರಿಯಾಗಿ ಹುಣ್ಣಿನ ಅಂಚಿಗೇ ಇಳಿಬಿದ್ದಿತ್ತು.

"ಅವ್ವಾ, ಇದನ್ನ ತಗದು ಗೂಟಕ್ಕ ಹಾಕ್ತೇನಿ."

"ಗೂಟಕ್ಕ? ನನ್ನ ಜೀವಾ ತಗದು ಹಾಕು ಗೂಟಕ್ಕ! ಹುಟ್ಟಿದಾಗಿಂದ ಮೈ ಬಿಟ್ಟು ಇಳಿದಿಲ್ಲ ಅದು. ಮಗಳ, ಗಾಡಿ ಕಟ್ಟಸ, ಊರಿಗೆ ಹೋಗೂಣು."

ಮಂಚ ಕಿರುಗುಟ್ಟಿತು. ಅವಳು ಏಳುತ್ತಿದ್ದಳು.

"ತಪ್ಪಾತವ್ವಾ, ನನಗ ತಿಳೀಲಿಲ್ಲ" ಎಂದರು ನರ್ಸಬಾಯಿ. ಆಮೇಲೆ ಕೇಳಿದರು, "ಪೂಜಾ ಮಾಡೂ ಮುಂದ ಎಲ್ಲಿ ಇಟಗೋತೀರಿ?"

"ಎಡಗೈಯಾಗ."

"ಇವತ್ತಿಂದು ಆತೇನು?"

"ಎಲ್ಲಿ ಆತು! ಹೊತ್ತ ಹುಟ್ಟೂದ್ರಾಗ ನೀ ಬಂದು ನಿಂತಿ."

"ಹಂಗಾರ ಈಗ ಮಾಡ್ರಿ. ನಿಮ್ಮ ಕೆಲಸಾ ನೀವು ಮಾಡ್ರಿ, ನನ್ನ ಕೆಲಸಾ ನಾ ಮಾಡ್ತೇನಿ. ಯಾರದು ಮೊದಲ ಮುಗೀತೈತಿ ನೋಡೂಣು."

"ನಿಂದ ಮುಗೀತೈತಿ. ನಂದು ಸಾವಕಾಶ."

ಪರದೆಯ ಅಂಚಿನಿಂದ ಎಡಗೈ ಬೆಳಕಿಗೆ ಬಂದಿತು. ಮಗಳು ಮೊಣಕೈ ಕೆಳಗೆ ದಿಂಬು ಕೊಟ್ಟು, ಅಂಗೈಯ ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ ಹೂವಿಟ್ಟಳು. ಇದು ನಾನು ಕಂಡದ್ದು. ಬೋಗುಣಿಗೆ ನೀರು ಬೀಳುವುದು, ಒಂದು ನರಳಿಕೆ, ಅದರ ಮೇಲೆ ಬಿಡದೆ ಮಂತ್ರ, ಇವು ಕೇಳಿದ್ದು. ಆ ಅಂಗೈ ಅಲುಗಲಿಲ್ಲ. ಸದ್ದು ಮಾಡಿದ್ದು ನಾನು ಹಿಡಿದಿದ್ದ ಔಷಧದ ತಾಟು.

"ತಮ್ಮಾ, ತಾಟು ಕುಣಸಬ್ಯಾಡ" ಎಂದರು ನರ್ಸಬಾಯಿ ಒಳಗಿನಿಂದ.

ಅಂದಿನಿಂದ ಪೂಜೆಯ ಹೊತ್ತೇ ಗಾಯ ತೊಳೆಯುವ ಹೊತ್ತಾಯಿತು. ವಾಸನೆ ಪೂರ್ತಿ ಹೋಗಲಿಲ್ಲ, ಆದರೆ ಇಳಿಯಿತು. ಒಂದು ಮಧ್ಯಾಹ್ನ ಮುದುಕಿ ಪಡಸಾಲೆಯ ಬಿಸಿಲಿಗೆ ಬಂದು, ಮಗಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ರೊಟ್ಟಿ ಮುರಿದಳು.

"ಪಲ್ಯಾಕ ಉಪ್ಪು ಸುರದೀಯಲ್ಲ! ನಿಮ್ಮತ್ತಿ ಹೆಂಗ ಉಣತಾಳ?"

"ನೀನ ಕಲಿಸಿದ್ದು" ಎಂದಳು ಮಗಳು, ಇನ್ನೂ ಹತ್ತಿರ ಸರಿದು.

ನರ್ಸಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಡಾಕ್ಟರು ಆ ಕಡೆ ಬಂದವರು, "ಬಾಯಿ, ಹೆರಿಗೆ ಖೋಲಿಯೊಳಗ ಜಾಗಾ ಖಾಲಿ ಐತಿ. ಹೋಗ್ತೀರೇನು? ಅಲ್ಲಿ ಪೇಡೆನಾದರೂ ಸಿಗ್ತಾವ" ಎಂದರು.

"ಈ ಅವ್ವನ ಊಟಾ ಮುಗೀಲ್ರಿ ಸಾಹೇಬ್ರ, ಆಮ್ಯಾಲ ನೋಡೂಣು."

ಆಮೇಲೂ ಅವರು ಹೋಗಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಹೋಗುತ್ತಿರಲಿಲ್ಲ.

ಹೋಳಿ ಹುಣ್ಣಿಮೆಗೆ ಮೊದಲು ಮುದುಕಿ ತನ್ನ ಮನೆಯಲ್ಲೇ ತೀರಿಕೊಂಡಳು. ಡಾಕ್ಟರೂ ಈಗಿಲ್ಲ. ಇದನ್ನೆಲ್ಲ ಕಂಡವರಲ್ಲಿ ಮಗಳು ನಾಗನೂರಿನಲ್ಲಿದ್ದಾಳೆ. ನರ್ಸಬಾಯಿ ಹುಕ್ಕೇರಿಯಲ್ಲಿ, ತಂಗಿಯ ಮನೆಯಲ್ಲಿದ್ದಾರೆ. ಪರದೆಯ ಒಳಗಿನದನ್ನು ತಿಳಿಯಬೇಕೆಂದವರು ಅವರನ್ನೇ ಕೇಳಬೇಕು.