ಮಗಳಷ್ಟು ಉದ್ದದ ಮೇಣದಬತ್ತಿ

“ದಿಸ್ ಈಸ್ ಮೈ ಡಾಟರ್, ಸರ್” ಎಂದರು ಸುಮತಕ್ಕ.

ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್. ಪ್ಯಾರಿಸ್ ರೈಲು ಹತ್ತುವ ಮುಂಚಿನ ಸೆಕ್ಯುರಿಟಿ ಚೆಕ್. ಆಫೀಸರನ ಕೈಯಲ್ಲಿ ಸುಮತಕ್ಕನ ಸ್ಟೀಲ್ ಡಬ್ಬಿ. ಅದರೊಳಗೆ ಚಕ್ಕುಲಿಯಂತೆ ಸುತ್ತಿಟ್ಟ, ಮೇಣ ಮೆತ್ತಿದ ಉದ್ದನೆಯ ದಾರ. ಸ್ಕ್ಯಾನರಿನಲ್ಲಿ ಅದು ಏನಾಗಿ ಕಂಡಿತ್ತೋ, ಆತ ಬಹಳ ಗಂಭೀರವಾಗಿ ‘ಇದೇನು ಮೇಡಂ?’ ಎಂದು ಕೇಳಿದ್ದ. ಅದಕ್ಕೆ ಬಂದ ಉತ್ತರ ಇದು.

ನಿಜವಾದ ಡಾಟರ್ ಸ್ವಾತಿ ಪಕ್ಕದಲ್ಲೇ ನಿಂತು, ಈ ಹೆಂಗಸು ಯಾರೋ ತನಗೆ ಗೊತ್ತೇ ಇಲ್ಲವೆಂಬಂತೆ ಸೀಲಿಂಗ್ ನೋಡುತ್ತಿದ್ದಳು. (ಹದಿನೆಂಟರ ಹುಡುಗಿಯರು ಅಮ್ಮಂದಿರ ಜತೆ ಹೊರಗೆ ಹೋದಾಗ ಹೆಚ್ಚು ಹೊತ್ತು ಮಾಡುವ ಕೆಲಸ ಇದೇ ತಾನೆ?) ಕೊನೆಗೆ ನಾನು ಮಧ್ಯೆ ಹೋಗಿ, ಇದು ಕ್ಯಾಂಡಲ್, ಚರ್ಚಿಗೆ ಕೊಡಲು, ಈ ಹುಡುಗಿಯ ಎತ್ತರಕ್ಕೆ ಅಳೆದು ಮಾಡಿದ್ದು ಎಂದು ವಿವರಿಸಿದೆ. ಆತ ಡಬ್ಬಿ ನೋಡಿದ, ಸ್ವಾತಿಯನ್ನು ನೋಡಿದ. ಆಮೇಲೆ ಯಾಕೋ ನಕ್ಕು ಡಬ್ಬಿ ಮುಚ್ಚಿ ಕೊಟ್ಟ.

ಸುಮತಕ್ಕ ನನ್ನ ಹಳೆಯ ಗೆಳತಿ. ಕುಂದಾಪುರದವರು. ಸೌತ್‌ಹಾಲ್‌ನಲ್ಲಿ ಗಂಡ ರಾಘವಣ್ಣನ ಜತೆ ಪುಟ್ಟ ಹೋಟೆಲು ನಡೆಸುತ್ತಾರೆ. ಸ್ವಾತಿಗೆ ನಾಲ್ಕು ವರ್ಷವಿದ್ದಾಗ ಮೂವರೂ ಕೋಚ್ ಟೂರಿನಲ್ಲಿ ಫ್ರಾನ್ಸಿಗೆ ಹೋಗಿದ್ದರು. ದಾರಿಯಲ್ಲಿ ಮಗುವಿಗೆ ವಿಪರೀತ ಜ್ವರ. ಯಾವುದೋ ಸಣ್ಣ ಊರಿನಲ್ಲಿ ಬಸ್ ನಿಲ್ಲಿಸಿ (ಊರಿನ ಹೆಸರು ಹೇಳಲು ಹೋಗಿ ನಗೆಪಾಟಲಾಗಲಾರೆ) ರಾಘವಣ್ಣ ಡಾಕ್ಟರನ್ನು ಹುಡುಕಲು ಓಡಿದರು. ಸುಮತಕ್ಕ ನೆರಳು ಕಂಡಿತೆಂದು ಮಗುವನ್ನೆತ್ತಿಕೊಂಡು ಎದುರಿನ ಚರ್ಚಿನೊಳಗೆ ಹೊಕ್ಕರು. ಅಲ್ಲಿ ಹರಕೆ ಹೇಳಿಕೊಂಡರು: ಮಗಳು ಉಳಿದರೆ ಅವಳಷ್ಟೇ ಉದ್ದದ ಮೇಣದಬತ್ತಿ ಕೊಡುತ್ತೇನೆ.

ಚರ್ಚಿಗೆ ಹರಕೆಯೇ ಎಂದು ಹುಬ್ಬೇರಿಸಬೇಡಿ. ಕರಾವಳಿಯ ಹಿಂದೂಗಳಿಗೆ ಇಗರ್ಜಿಯ ದೇವರೂ ಪಕ್ಕದ ಮನೆಯವರಿದ್ದಂತೆ. ಸುಮತಕ್ಕನ ತಾಯಿಯೂ ಹೀಗೆ ಮೇಣದಬತ್ತಿ ಕೊಟ್ಟವರೇ.

ಮಗಳು ಉಳಿದಳು. ಹರಕೆಯೂ ಉಳಿದುಬಿಟ್ಟಿತು. ಹೋಟೆಲಿಗೆ ರಜೆಯಿಲ್ಲ, ವೀಸಾ ರಗಳೆ, ಮನೆ ಖರೀದಿ... ನಮ್ಮೆಲ್ಲರ ಬದುಕಿನಲ್ಲಿ ಆಗುವುದೇ ಇದಲ್ಲವೇ? ಈ ಸಲ ಸುಮತಕ್ಕ ಹಟ ಹಿಡಿದರು. ಮುಂದಿನ ವಾರ ಸ್ವಾತಿ ಓದಲು ಸ್ಕಾಟ್ಲೆಂಡಿಗೆ ಹೊರಡುತ್ತಾಳೆ. ಹರಕೆ ಬಾಕಿ ಇಟ್ಟುಕೊಂಡು ಮಗಳನ್ನು ಕಳಿಸಲಾರೆ ಎಂದರು.

ಹೊಸ ಸಮಸ್ಯೆ ಹುಟ್ಟಿದ್ದು ಆಗ. ಅಂದು ಮೂರಡಿಯಿದ್ದ ಮಗಳು ಈಗ ಅಪ್ಪನನ್ನೂ ಮೀರಿಸಿ ಬೆಳೆದಿದ್ದಾಳೆ. ಹರಕೆ ಹೇಳಿದ ದಿನದ ಅಳತೆ ಸಾಕು ಎಂದು ರಾಘವಣ್ಣ ವಾದಿಸಿದರು. ಅಷ್ಟುದ್ದದ ಕ್ಯಾಂಡಲ್ ಎಲ್ಲಿ ಸಿಗುತ್ತದೆ, ಸಿಕ್ಕರೂ ರೈಲಿನಲ್ಲಿ ಒಯ್ಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಸುಮತಕ್ಕ ಒಂದೇ ಮಾತು ಕೇಳಿದರು.

“ಅಂದ್ ಉಳ್ಸಿದ್ದ್ ಮೂರಡಿ ಹೆಣ್ಣಿನ್ನ. ಮೇಲಿಂದ್ ಬೆಳ್ದದ್ದ್ ಯಾರ್ ಕೊಟ್ಟದ್ದ್?”

ಮಗಳನ್ನು ಅಡುಗೆಮನೆಯ ಗೋಡೆಗೆ ನಿಲ್ಲಿಸಿ, ಹತ್ತಿಯ ದಾರ ಹಿಡಿದು ಅಳೆದು, ಕರಗಿದ ಮೇಣದಲ್ಲಿ ಅದ್ದಿ ಅದ್ದಿ ತೆಗೆದು, ಬಿಸಿಯಿರುವಾಗಲೇ ಸುತ್ತಿ ಸುಮತಕ್ಕ ತಾವೇ ಬತ್ತಿ ಮಾಡಿದರು. ರಾಘವಣ್ಣನಿಗೆ ಮದುವೆ ಮನೆಯೊಂದರ ಕೇಟರಿಂಗ್ ಇತ್ತು. ಹಳೆಯ ಕಟ್ಟಡಗಳೆಂದರೆ ಪ್ರಾಣ ಬಿಡುವ ನಾನು ಅವರ ಸೀಟಿನಲ್ಲಿ ಹೊರಟೆ.

ಪ್ಯಾರಿಸ್‌ನಲ್ಲಿ ರೈಲು ಬದಲಿಸಿ ಆ ಊರಿನ ಚರ್ಚು ತಲುಪಿದೆವು. ನೀವು ಪೋಸ್ಟ್‌ಕಾರ್ಡುಗಳಲ್ಲಿ ನೋಡುವ ಕೆಥೆಡ್ರಲ್ ಅಲ್ಲ ಅದು. ಊರ ಜನರ ಚರ್ಚು. ಎದುರಿಗೆ ಮಾರ್ಕೆಟ್ಟು, ಪಕ್ಕದಲ್ಲಿ ಬೇಕರಿ. ಆದರೆ ಗಾಥಿಕ್ ಅಂದರೆ ಗಾಥಿಕ್ಕೇ. ಕಲ್ಲಿನ ಕಂಬಗಳು ಮೇಲೇರುತ್ತ ಏರುತ್ತ ಕವಲೊಡೆದು ಚೂಪಾದ ಕಮಾನುಗಳಾಗಿ ಸೇರಿಕೊಳ್ಳುತ್ತವೆ. ಭಾರವನ್ನೆಲ್ಲ ಆ ಕಂಬಗಳೂ ಹೊರಗಿನ ಆಸರೆಗೋಡೆಗಳೂ ಹೊತ್ತುಕೊಂಡಿರುವುದರಿಂದ ನಡುವೆ ದೊಡ್ಡ ದೊಡ್ಡ ಕಿಟಕಿಗಳು. ಬಣ್ಣದ ಗಾಜಿನಿಂದ ಬಿದ್ದ ಬೆಳಕು ಸ್ವಾತಿಯ ಬಿಳಿ ಶೂ ಮೇಲೆ ನೀಲಿಯಾಗಿತ್ತು. ನಾನು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆ. ಸುಮತಕ್ಕ ಮಾತ್ರ ಏನನ್ನೂ ನೋಡಲಿಲ್ಲ. ಡಬ್ಬಿ ಅವುಚಿಕೊಂಡು, ಚಪ್ಪಲಿ ಬಿಟ್ಟು ನಿಂತಿದ್ದರು.

ಕೀಲಿಗೊಂಚಲು ಹಿಡಿದ ವಯಸ್ಸಾದ ಹೆಂಗಸೊಬ್ಬರು ಬಂದರು. ಚರ್ಚು ನೋಡಿಕೊಳ್ಳುವವರು. ಅವರಿಗೆ ಇಂಗ್ಲಿಷ್ ಬಾರದು. ನನ್ನ ಫ್ರೆಂಚ್ ಬೊಂಜೂರ್‌ಗೆ ಮುಗಿಯುತ್ತದೆ. ಸ್ವಾತಿ ಸ್ಕೂಲಿನಲ್ಲಿ ಫ್ರೆಂಚ್ ಕಲಿತವಳು. ಸುಮತಕ್ಕ ಮಗಳ ಕಡೆ ತಿರುಗಿದರು.

“ಇಷ್ಟ್ ತಡ ಆಯ್ತ್, ಅಡ್ಡಿಲ್ಯಾ ಅಂದೇಳಿ ಕೇಳ್.”

ತಡ ಯಾತಕ್ಕೆ, ಹರಕೆ ಯಾತಕ್ಕೆ, ಎಲ್ಲ ಹೇಳಬೇಕಲ್ಲ? ಸುಮತಕ್ಕ ಒಂದೊಂದೇ ವಾಕ್ಯ ಹೇಳುತ್ತ ಹೋದರು, ಸ್ವಾತಿ ಅದನ್ನು ಫ್ರೆಂಚಿಗೆ ದಾಟಿಸುತ್ತ ಹೋದಳು. ಆ ಜ್ವರದ ಕತೆ ಅವಳಿಗೆ ಗೊತ್ತಿರದ್ದಲ್ಲ. ಆದರೆ ಅವರ ಮನೆಯಲ್ಲಿ ಅದು ಬಸ್ಸಿನಲ್ಲಿ ಮಗು ಅಪ್ಪನ ಹೊಸ ಜಾಕೆಟ್ ಮೇಲೆ ವಾಂತಿ ಮಾಡಿದ ತಮಾಷೆಯ ಕತೆ. ಅವತ್ತು ಮೊದಲ ಸಲ ಅಮ್ಮ ಕತೆಯ ಉಳಿದ ಭಾಗ ಹೇಳಿದರು. ಮಗು ಕಣ್ಣು ಮೇಲೆ ಮಾಡಿತು. ಕೈಕಾಲು ಸೋತು ಜೋತುಬಿದ್ದವು. ಮಗು ಹೋಯಿತು ಅಂದುಕೊಂಡೆ, ಎಂದರು.

ಆ ಮಗು ತಾನೇ ಅಲ್ಲವೇ? ಹಾಗಾಗಿ ಸ್ವಾತಿ ಎಲ್ಲವನ್ನೂ ‘ನಾನು’ ಎಂದು ಹೇಳಬೇಕಿತ್ತು. ನನಗೆ ನಾಲ್ಕು ವರ್ಷ, ನನಗೆ ಜ್ವರ, ಇಲ್ಲಿ, ಈ ಬೆಂಚಿನ ಮೇಲೆ. ನನ್ನ ಅಮ್ಮ, ನಾನು... ಅಲ್ಲಿಗೆ ಬಂದು ನಿಂತುಬಿಟ್ಟಳು. ಪದ ಗೊತ್ತಿಲ್ಲದೆ ಅಲ್ಲ. ಸೀಲಿಂಗ್ ನೋಡುವ ಹುಡುಗಿ ಆಗ ನೆಟ್ಟಗೆ ಅಮ್ಮನ ಮುಖ ನೋಡುತ್ತಿದ್ದಳು.

ಕೀಲಿಯ ಹೆಂಗಸು ವಾಕ್ಯ ಮುಗಿಯಲೆಂದು ಕಾಯಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿ, ರೋಗಿಯ ಅಳತೆಗೆ ದಾರ ಹಿಡಿದು ಮೇಣ ಅರ್ಪಿಸುವ ಪದ್ಧತಿ ನಮ್ಮಲ್ಲೂ ಹಿಂದೆ ಇತ್ತೆಂದು ಕೇಳಿದ್ದೇನೆ, ಕಣ್ಣಾರೆ ಕಂಡಿದ್ದು ಇವತ್ತೇ ಎಂದರು. ಆಮೇಲೆ ಸುಮತಕ್ಕನ ಕೈ ಹಿಡಿದು ಚರ್ಚು ತೋರಿಸಿದರು; ಅವರ ಮಾತನ್ನೆಲ್ಲ ಸ್ವಾತಿ ನಮಗೆ ಇಂಗ್ಲಿಷಿನಲ್ಲಿ ಹೇಳುತ್ತ ಬಂದಳು. ಈ ಚರ್ಚೇ ನೂರಾರು ವರ್ಷಗಳ ಹಿಂದೆ ಊರಿನಲ್ಲಿ ಸಾಂಕ್ರಾಮಿಕ ರೋಗ ಬಂದಾಗ ಜನ ಹೊತ್ತ ಹರಕೆಯಂತೆ. ಹರಕೆ ಹೊತ್ತವರು ಮುಗಿಸಲಿಲ್ಲ. ಪೂಜೆಯ ಜಾಗದ ಕಂಬಗಳು ಗಿಡ್ಡ, ದಪ್ಪ. ಅವು ಮೊದಲನೆಯವು. ಜನ ಕೂರುವ ಕಡೆಯವು ಸಪೂರ. ಅವು ಮೊಮ್ಮಕ್ಕಳ ಕಾಲದವು. ಎರಡೂ ಸೇರುವಲ್ಲಿ ಕಲ್ಲಿನ ಬಣ್ಣ ಬೇರೆ, ಗೆರೆಯೂ ಒಂಚೂರು ಸೊಟ್ಟ. ನಡುವೆ ಯುದ್ಧ ಬಂತು, ಕೆಲಸ ನಿಂತಿತು, ಮತ್ತೆ ಶುರುವಾಯಿತು. ಎರಡು ಗೋಪುರ ಕಟ್ಟಬೇಕಿತ್ತು. ಒಂದು ಎದ್ದಿತು. ಇನ್ನೊಂದು ಅರ್ಧಕ್ಕೇ ನಿಂತು, ಇವತ್ತಿಗೂ ತಲೆ ಮೇಲೆ ಹೆಂಚು ಹೊದ್ದುಕೊಂಡಿದೆ.

“ತಡವೇ? ನಾವೇ ಇನ್ನೂ ಮುಗಿಸಿಲ್ಲ” ಎಂದರಂತೆ ಆಕೆ. ಸ್ವಾತಿ ಅದನ್ನು ಹೇಳಿದಾಗ ಸುಮತಕ್ಕ ಆ ದಿನ ಮೊದಲ ಸಲ ನಕ್ಕರು.

ಬತ್ತಿಯ ತುದಿ ಬಿಡಿಸಿ, ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟು ಹಚ್ಚಿದರು. ಒಂದು ಗೇಣೂ ಉರಿದಿರಲಿಲ್ಲ, ರೈಲಿಗೆ ಹೊತ್ತಾಯಿತು. ನಾನೂ ಸ್ವಾತಿಯೂ ಬಾಗಿಲ ತನಕ ಬಂದೆವು. ಸುಮತಕ್ಕ ಬರಲಿಲ್ಲ. ಮಗಳಷ್ಟು ಉದ್ದದ ಬೆಳಕನ್ನು ಗೊತ್ತಿಲ್ಲದ ಊರಿನಲ್ಲಿ ಒಂಟಿಯಾಗಿ ಬಿಟ್ಟು ಬರುವುದು ಅವರಿಂದ ಆಗುತ್ತಿರಲಿಲ್ಲ. ನಡುವೆ ಆರಿಹೋದರೆ ಏನು ಮಾಡುವುದು ಎಂದು ಸ್ವಾತಿಯಿಂದ ಕೇಳಿಸಿದರು.

ನಾನಿದ್ದೇನಲ್ಲ, ಮತ್ತೆ ಹಚ್ಚುತ್ತೇನೆ ಎಂದರು ಕೀಲಿಯ ಹೆಂಗಸು, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಮನೆಯಲ್ಲಿ ಅಮ್ಮ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಸ್ವಾತಿ ಅಮ್ಮನ ಭುಜ ಬಳಸಿದಳು. “ಆರಿರೆ ಮತ್ತೆ ಹಚ್ತ್ರಂಬ್ರ್ ಅಮ್ಮ. ಹೋಪ.”

ಪರವೂರಿಗೆ ಹೊರಟ ಮಗಳ ಅಮ್ಮನಿಗೆ ಈ ಜಗತ್ತು ಕೊಡಬಹುದಾದ ಮಾತು ಇದಕ್ಕಿಂತ ದೊಡ್ಡದು ಯಾವುದಿದೆ, ಹೇಳಿ?