ಎರಡನೆಯ ಮಹಡಿಯ ಕಾಗುಣಿತ

ಕೊಂಢವಾ ಎಂಬ ಮರಾಠಿ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಏಳೆಂಟು ಕನ್ನಡದ ಮನೆಗಳಿವೆ. ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಭಾನುವಾರ ಬೆಳಿಗ್ಗೆ ಕೆಳಗಿನ ಹಾಲ್‌ನಲ್ಲಿ ಅಕ್ಷರ ಕಲಿಸುತ್ತೇನೆಂದು ನಾನೇ ಎಲ್ಲರಿಗೂ ಹೇಳಿಬಿಟ್ಟೆ.

ತಮ್ಮನ್ನು ಮೊದಲು ಕೇಳಲಿಲ್ಲವೆಂದು ಸೊಸೈಟಿಯ ಸೆಕ್ರೆಟರಿಗೆ ಸಿಟ್ಟು. ಆದರೆ ನೇರವಾಗಿ ಬೇಡ ಎನ್ನುವ ಮನುಷ್ಯ ಅವರಲ್ಲ. ಮೊದಲ ವಾರ ಹಾಲ್‌ನ ಕೀಲಿ ಕಳೆದಿದೆ ಎಂದರು. ಮುಂದಿನ ವಾರ ಕೀಲಿ ಸಿಕ್ಕಿತು, ಕುರ್ಚಿಗಳು ಮಾಯವಾಗಿದ್ದವು. ನೆಲದ ಮೇಲೆ ಕೂತೆವು. ಅದರ ಮುಂದಿನ ವಾರ ನೆಲ ತೊಳೆಸುವ ನೆಪದಲ್ಲಿ ಹಾಲ್ ತುಂಬ ನೀರು ನಿಲ್ಲಿಸಿಟ್ಟಿದ್ದರು. ಕೇಳಲು ಹೋದರೆ ಮರಾಠಿಯಲ್ಲಿ ಬಹಳ ವಿನಯದಿಂದ, ತಮಗೆ ಕನ್ನಡದ ಒಂದು ಮಾತೂ ತಿಳಿಯದು, ಆದರೂ ಆ ಭಾಷೆಯ ಮೇಲೆ ಗೌರವವಿದೆ ಎಂದರು.

ಜಗಳವಾಡಿದರೆ ಸೋಲುವವಳು ನಾನೇ. ಹಾಗಾಗಿ ಪಾಠವನ್ನು ಮೆಟ್ಟಿಲಿಗೆ ಸಾಗಿಸಿದೆ. ಒಂದೊಂದೇ ಮಹಡಿ ಹತ್ತಿ ಚಪ್ಪಾಳೆ ತಟ್ಟಿ ನೋಡಿದ್ದೆ. ದನಿ ಚೆನ್ನಾಗಿ ಮೊಳಗುತ್ತಿದ್ದುದು ಎರಡನೆಯದರಲ್ಲಿ, ಸೆಕ್ರೆಟರಿಯ ಬಾಗಿಲ ಎದುರು. ಕಾಗುಣಿತ ಗಟ್ಟಿಯಾಗಿ ಹೇಳಿದರೇ ನಾಲಗೆ ತಿರುಗುವುದು ಎಂದು ಮಕ್ಕಳಿಗೆ ಹೇಳಿದೆ. ನನ್ನ ಮಾತನ್ನು ಅವರು ಅಷ್ಟು ಶ್ರದ್ಧೆಯಿಂದ ಪಾಲಿಸಿದ್ದು ಅದೊಂದೇ ಸಲ.

‘ಗ’ಕಾರಕ್ಕೆ ಬರುವಷ್ಟರಲ್ಲಿ ಬಾಗಿಲು ತೆರೆಯಿತು. ಗೋಡೆ ಹಿಡಿದು ನಿಂತಿದ್ದವರು ಸೆಕ್ರೆಟರಿಯ ತಾಯಿ. ಮೊಣಕಾಲಿನ ಔಷಧಕ್ಕೆಂದು ಸೊಲ್ಲಾಪುರದಿಂದ ಆಗಷ್ಟೇ ಬಂದಿದ್ದರಂತೆ. ಮಕ್ಕಳು ಗಪ್ಪಾದರು. ನಾನು ಮರಾಠಿಯಲ್ಲಿ ಒಂದು ಸಬೂಬು ಜೋಡಿಸತೊಡಗಿದೆ.

“ಯಾಕ ನಿಲ್ಲಿಸಿದ್ರಿ? ಭಾಳ ಛಲೋ ಕೇಳಸ್ತಿತ್ತು,” ಎಂದರು ಅವರು.

ಅವರು ಕುರ್ಚಿ ತರಲು ಮಗನನ್ನು ಕೂಗಿದರು. ಸೆಕ್ರೆಟರಿ ನನ್ನತ್ತ ನೋಡದೆ ತಂದಿಟ್ಟರು. ಕುರ್ಚಿ ಹಾಲ್‌ನದೇ. ಮಕ್ಕಳನ್ನು ಮೆಟ್ಟಿಲ ಮೇಲೆ ಯಾಕೆ ಕೂಡಿಸಿದ್ದೀರಿ ಎಂದು ತಾಯಿ ಕೇಳಿದಾಗ, ನಾನು ಕೀಲಿಯಿಂದ ನೀರಿನವರೆಗೆ ಎಲ್ಲವನ್ನೂ ಸಾವಕಾಶವಾಗಿ ಕನ್ನಡದಲ್ಲೇ ವಿವರಿಸಿದೆ. ಪಾಪ, ಸೆಕ್ರೆಟರಿಗೆ ತಿಳಿಯುವುದಿಲ್ಲವಲ್ಲ.

“ಕೀಲಿ ಕೊಡಪಾ ಅವರಿಗೆ,” ಎಂದರು ತಾಯಿ.

“ಕೊಡ್ತೇನವ್ವಾ,” ಎಂದರು ಸೆಕ್ರೆಟರಿ.

ಮಕ್ಕಳು ನಕ್ಕರು. ನಾನು ಕಷ್ಟಪಟ್ಟು ತಡೆದುಕೊಂಡೆ.

ಕೀಲಿಯೇನೋ ಕೈಗೆ ಬಂತು. ಆದರೆ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಅವ್ವನಿಗೆ ಇಳಿಯಲಾಗದು. ಭಾನುವಾರ ನಾವು ಬರುವ ಮೊದಲೇ ತಲೆ ಬಾಚಿ, ಸೆರಗು ಹೊದ್ದು ಬಾಗಿಲಲ್ಲಿ ಕೂತಿರುತ್ತಿದ್ದರು. ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅವರು ಸೊಲ್ಲಾಪುರಕ್ಕೆ ಮರಳುವವರೆಗೂ ಪಾಠ ಅಲ್ಲೇ ನಡೆಯಿತು. ಪೇಪರ್ ತರಲು ಹೊರಟ ಸೆಕ್ರೆಟರಿ ಕಾಲಿಡಲು ಜಾಗವಿಲ್ಲದೆ ನಿಲ್ಲುತ್ತಿದ್ದರು. ಸ್ವಲ್ಪ ದಾರಿ ಬಿಡಿ ಎಂದು ಮಕ್ಕಳನ್ನು ಮರಾಠಿಯಲ್ಲಿ ಕೇಳಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದರೆ ಮಾತ್ರ ಸರಿಯುತ್ತಿದ್ದರು.